ಮರುಭೂಮಿಗೊಂದು ವಿಮಾನ ಬೇಕಾಗಿದೆ

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದು ಖಂಡಿತ ನನ್ನನ್ನು ನೋಡಿ ಅಲ್ಲ. ನಾನು ಅಳೆದು ಸುರಿದು ಆರಿಸುವ ಜಾತಿ! ಹಾಗಾಗಿ ಪುಟಾಣಿ ಮಾದರಿಗಳನ್ನು ಕಟ್ಟುವ ನಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು, ಈ ಸಲದ ಪ್ರದರ್ಶನಕ್ಕೆ ನನ್ನ ಮರುಭೂಮಿ ಬರುತ್ತದೆ, ಅದರ ನಡುವೆ ಯುದ್ಧವಿಮಾನವೊಂದು ನಿಂತಿರುತ್ತದೆ, ಬಹುಮಾನ ಬೇಕೆನ್ನುವವರು ಮುಂದಿನ ವರ್ಷ ಬನ್ನಿ ಎಂದು ಘೋಷಿಸಿಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಕಾರ್ಯದರ್ಶಿಯೊಬ್ಬರನ್ನು ಬಿಟ್ಟು. ಹಿಂದಿನ ವರ್ಷಗಳಲ್ಲೂ ನಾನು ಹೀಗೆಯೇ ಘೋಷಿಸಿ ಕೊನೆಗಳಿಗೆಯಲ್ಲಿ ಹಿಂದೆ ಸರಿದದ್ದು ಅವರಿಗೆ ನೆನಪಿತ್ತು.

"ಈ ಸಲಾನೂ ಕೈ ಕೊಟ್ರೆ, ಇನ್ಮೇಲೆ ನಿಮ್ಮ ಹೆಸರಲ್ಲಿ ಮೇಜು ಹಾಕಲ್ಲ ಸಾರ್" ಎಂದರು.

ಕೈ ಕೊಡುವ ಮಾತೇ ಇರಲಿಲ್ಲ. ಮರುಭೂಮಿ ಆಗಲೇ ಸಿದ್ಧವಾಗಿತ್ತು. ಮಹಾಯುದ್ಧದ ಕಾಲದ ಪುಟ್ಟ ವಿಮಾನ ನೆಲೆ ಅದು. ಎಲ್ಲವೂ ನಿಜವಾದ ಅಳತೆಯ ಎಪ್ಪತ್ತೆರಡನೇ ಒಂದು ಪಾಲು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡೇರೆ, ಎಣ್ಣೆ ಪೀಪಾಯಿಗಳು, ಅರ್ಧ ಕಿರುಬೆರಳಿನಷ್ಟು ಎತ್ತರದ ಮೆಕ್ಯಾನಿಕ್‌ಗಳು, ಅವರ ಕಾಲಬುಡದಲ್ಲೊಂದು ನಾಯಿ. ಮರಳನ್ನು ನಾನೇ ಹೆಂಡತಿಯ ಓವನ್ನಿನಲ್ಲಿ ಒಣಗಿಸಿ, ಹೆಂಡತಿಯ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಹೆಂಡತಿಯ ಊಟದ ಮೇಜಿನ ಮೇಲೆ ಹಲಗೆಯಿಟ್ಟು ಹರಡಿದ್ದೆ. ನಡುವೆ ಖಾಲಿ ಜಾಗ. ಅಲ್ಲಿಗೆ ಬೇಕಾಗಿದ್ದು ಒಂದೇ ಒಂದು ವಿಮಾನ!

ಇಲ್ಲಿ ಒಂದು ಸೂಕ್ಷ್ಮ ಹೇಳಬೇಕು. ಮರಳನ್ನು ನಾನು ಗೋಂದು ಹಾಕಿ ಅಂಟಿಸಿರಲಿಲ್ಲ. ಏಕೆಂದರೆ ಅದರ ಮೇಲೆ ವಿಮಾನದ ಚಕ್ರದ ಗುರುತು ಮೂಡಬೇಕು. ಗುರುತಿನ ಅಗಲ ಟೈರಿನ ಅಗಲದಷ್ಟೇ ಇರಬೇಕು, ಟೈರಿನ ಅಗಲ ಯಾವ ವಿಮಾನ ಎಂಬುದರ ಮೇಲಿದೆ. ಆದ್ದರಿಂದ ವಿಮಾನ ಆರಿಸುವತನಕ ಮರಳು ಸಡಿಲವಾಗಿಯೇ ಇರತಕ್ಕದ್ದು, ಆ ಕೋಣೆಯಲ್ಲಿ ಯಾರೂ ಫ್ಯಾನ್ ಹಾಕತಕ್ಕದ್ದಲ್ಲ, ಸೀನು ಬಂದವರು ವರಾಂಡಕ್ಕೆ ಹೋಗತಕ್ಕದ್ದು ಎಂದು ಮನೆಯಲ್ಲಿ ಶಾಸನ ಹೊರಡಿಸಿದೆ. ಬೇಸಿಗೆಯಿಡೀ ನಾವು ಸೋಫಾದ ಮೇಲೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬೆವರು ಒರೆಸಿಕೊಳ್ಳುತ್ತಾ ಉಂಡೆವು.

ನನ್ನ ಉದ್ಯೋಗ ಕನ್ನಡಕದ ಅಂಗಡಿ. ಬಂದವರ ಕಣ್ಣಿಗೆ ಗಾಜು ಬದಲಿಸುತ್ತಾ "ಇದು ಚೆನ್ನಾಗಿದೆಯೋ, ಅದೋ?" ಎಂದು ಕೇಳುವುದೇ ನನ್ನ ಕೆಲಸ. ಪಾಪ, ಅವರು ಥಟ್ಟನೆ ಹೇಳಿಬಿಡುತ್ತಾರೆ. ನಾನು ಮಾತ್ರ ಬಿಡಿಭಾಗ ಜೋಡಿಸಿ ಕಟ್ಟುವ ವಿಮಾನದ ಪೆಟ್ಟಿಗೆಗಳ ಮುಂದೆ ನಿಂತರೆ ಬೇಸಿಗೆ ಬಂದು ಹೋಗುತ್ತದೆ. ಹರಿಕೇನ್ ಯುದ್ಧವಿಮಾನ ತೆಗೆದುಕೊಳ್ಳೋಣವೆಂದರೆ ಅದನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ಕಿಟ್ಟಿಹಾಕ್ ಎಂದರೆ ಮೂತಿಯ ಮೇಲೆ ಶಾರ್ಕ್ ಹಲ್ಲು ಬಿಡಿಸಬೇಕು, ನನ್ನ ಕುಂಚಕ್ಕೆ ಅದು ಹಲ್ಲುನೋವಿನಂತೆ ಬರುತ್ತದೆ. ಎರಡು ಎಂಜಿನ್ನಿನ ಬಾಂಬರ್ ಅಂದರೆ ಡೇರೆಯನ್ನೇ ಕೀಳಬೇಕು. ಒಂದು ಸ್ಪಿಟ್‌ಫೈರ್ ಬಹುತೇಕ ಕೈಗೆ ಬಂದಿತ್ತು. ಆದರೆ ಮರುಭೂಮಿಗೆ ಹೋದ ಸ್ಪಿಟ್‌ಫೈರ್‌ಗೆ ಧೂಳು ಸೋಸಲೆಂದು ಮೂತಿಯ ಕೆಳಗೆ ದಪ್ಪ ಗಲ್ಲದಂಥದ್ದೊಂದು ಇರುತ್ತಿತ್ತು, ಆ ಪೆಟ್ಟಿಗೆಯಲ್ಲಿ ಅದಿರಲಿಲ್ಲ. ಈ ಅನ್ಯಾಯವನ್ನು ಮನೆಗೆ ಬಂದು ಹೆಂಡತಿಗೆ ವಿವರಿಸಿದೆ.

"ಎರಡನೇ ಗಲ್ಲ ತಾನೇ? ನಿಮ್ಮದನ್ನೇ ನೋಡ್ಕೊಂಡು ಒಂದು ಮಾಡಿ" ಎಂದಳು.

ಆಕೆಗೆ ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಕೆಲಸ. ದಿನವಿಡೀ ಜನರಿಗೆ ಉತ್ತರ ಕೊಟ್ಟು ಕೊಟ್ಟು ನಾಲಿಗೆ ಹರಿತವಾಗಿದೆ. ಆದರೂ ಸಂಘದವರ ಮುಂದೆ ನನ್ನ ಮಾನ ಹೋಗುವುದು ಅವಳಿಗೂ ಬೇಕಿರಲಿಲ್ಲ. ಅಕ್ಕಪಕ್ಕದವರಿಗೆಲ್ಲ ಪ್ರದರ್ಶನಕ್ಕೆ ಬನ್ನಿ ಎಂದು ಅವಳೇ ಹೇಳಿಬಂದಿದ್ದಳು.

ಪ್ರದರ್ಶನ ಭಾನುವಾರ. ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡುವವನಂತೆ ನಾನು ಶುಕ್ರವಾರ ಮಾದರಿಗಳ ಅಂಗಡಿಗೆ ಓಡಿದೆ. ಅಂಗಡಿಯವನನ್ನು ನಾವು ಗೋಂದಣ್ಣ ಎನ್ನುತ್ತೇವೆ, ಅವನ ಬೆರಳುಗಳು ಯಾವಾಗಲೂ ಯಾವುದಕ್ಕಾದರೂ ಅಂಟಿಕೊಂಡಿರುತ್ತವೆ. ನಾನು ಮತ್ತೆ ಎರಡು ಪೆಟ್ಟಿಗೆ ಎತ್ತಿ ತೂಗಲು ಶುರು ಮಾಡಿದೆ. ಅವನು ಒಂದನ್ನು ಕಿತ್ತುಕೊಂಡು ಕಪಾಟಿಗೆ ಸೇರಿಸಿ, ಉಳಿದ ಹರಿಕೇನ್ ಅನ್ನು ನನ್ನ ಕಂಕುಳಿಗೆ ತುರುಕಿ, "ಸಾರ್, ದೇವರಾಣೆಗೂ ಇದೇ ಒಳ್ಳೇದು, ಮನೆಗೆ ಹೋಗಿ" ಎಂದ.

ಶನಿವಾರ ಹೆಂಡತಿ ಕೆಲಸಕ್ಕೆ ಹೋದಳು, ನಾನು ನನ್ನ ಅಂಗಡಿಗೆ ರಜ ಹಾಕಿ ಕೂತೆ. ರೆಕ್ಕೆ ಕೂತಿತು, ಬಾಲ ಕೂತಿತು, ಬಣ್ಣವೂ ಬಿತ್ತು. ಆಹಾ, ಎಂಥ ಬಣ್ಣ! ಮರಳಿನ ನಡುವೆ ಇಟ್ಟು ಹಿಂದೆ ಸರಿದು ನೋಡಿದರೆ ನನಗೇ ಸೆಲ್ಯೂಟ್ ಹೊಡೆಯುವ ಹಾಗಾಯಿತು. ಇನ್ನು ಬಣ್ಣ ಬೇಗ ಒಣಗಬೇಕು, ಚಕ್ರದ ಗುರುತು ಒತ್ತಬೇಕು, ಮರಳು ಅಂಟಿಸಬೇಕು. ಬೇಗ ಒಣಗಲು ಏನು ಬೇಕು? ಗಾಳಿ ಬೇಕು!

ಶಾಸನ ಬರೆದವನೇ ಎದ್ದು ಹೋಗಿ ಫ್ಯಾನ್ ಹಾಕಿದ. ಅದೂ ಪೂರ್ತಿ ಜೋರಾಗಿ.

ಆಮೇಲೆ ನಡೆದದ್ದನ್ನು ಯುದ್ಧದ ಇತಿಹಾಸಕಾರರು ಬರೆಯಬೇಕು. ಮರುಭೂಮಿ ಮೇಜಿನಿಂದ ಎದ್ದು ನಿಂತಿತು. ಡೇರೆ ಹಾರಿತು. ನಾಯಿ ನೀರಿನ ಜಗ್ಗಿಗೆ ಬಿತ್ತು. ಕಣ್ಣಲ್ಲಿ ಮರಳು ತುಂಬಿ ನಾನು ಸ್ವಿಚ್ಚಿಗಾಗಿ ಗೋಡೆ ತಡವುತ್ತಾ ಒಂದು ಹೆಜ್ಜೆ ಹಿಂದಿಟ್ಟೆ. ಕಾಲಡಿಯಲ್ಲಿ ಹಪ್ಪಳ ಮುರಿದಂಥ ಸದ್ದು ಕೇಳಿತು. ಫ್ಯಾನ್ ನಿಂತ ಮೇಲೆ ನೋಡುತ್ತೇನೆ, ನನ್ನ ಹರಿಕೇನ್ ಆ ಗಾಳಿಗೆ ನೆಲಕ್ಕಿಳಿದು ನನ್ನ ಹಿಮ್ಮಡಿಗೆ ಬಲಿಯಾಗಿದೆ. ಹಸಿ ಬಣ್ಣಕ್ಕೆ ಮರಳು ಮೆತ್ತಿಕೊಂಡು ಅದು ವಿಮಾನವೋ ಉಪ್ಪುಕಾಗದವೋ ತಿಳಿಯದಂತಾಗಿತ್ತು.

ಹೆಂಡತಿ ಕೆಲಸ ಮುಗಿಸಿ ಬಂದಾಗ ನಾನು ತಲೆಯ ಮೇಲೆ ಮರಳು ಹೊತ್ತು ನೆಲದ ಮೇಲೆ ಕೂತಿದ್ದೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು.

"ಯುದ್ಧ ಮುಗೀತಾ?" ಎಂದು ಕೇಳಿದಳು.

ಕಾರ್ಯದರ್ಶಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದೆ. ಹೇಳುತ್ತಲೇ ಮುರಿದ ರೆಕ್ಕೆಯನ್ನು ಮತ್ತೆ ವಿಮಾನಕ್ಕೆ ಜೋಡಿಸಲು ನೋಡುತ್ತಿದ್ದೆ. ಅವಳು ಅದನ್ನು ಗಮನಿಸಿದಳು. ಚೀಲ ಕೆಳಗಿಟ್ಟು, ಸೆರಗಿನಿಂದ ನನ್ನ ಮುಖ ಒರೆಸಿ, ಮೇಜಿನ ಹತ್ತಿರ ಹೋಗಿ ಬಹಳ ಹೊತ್ತು ನೋಡಿದಳು.

"ವಿಮಾನ ಬೇಡ ರೀ" ಎಂದಳು.

"ವಿಮಾನ ಇಲ್ದೆ ವಿಮಾನ ನೆಲೆ ಎಂಥದ್ದೇ?"

"ಅದಿನ್ನೂ ಬಂದಿಲ್ಲ. ಇವರೆಲ್ಲ ಕಾಯ್ತಾ ಇದಾರೆ. ಕಾಯೋರು ಹೇಗೆ ನಿಲ್ತಾರೆ ಅಂತ ನಂಗೆ ಗೊತ್ತು. ದಿನಾ ನೋಡೋದು ಅದನ್ನೇ."

ನಾನು ನೆಲದ ಮರಳನ್ನು ಬಳಿದು ಮತ್ತೆ ಹಲಗೆಗೆ ಹರಡಿದೆ. ಅವಳು ಮೆಕ್ಯಾನಿಕ್‌ಗಳನ್ನೆಲ್ಲ ಚಿಮಟದಿಂದ ಎತ್ತಿ ಒಂದೇ ಅಂಚಿಗೆ ತಂದಳು. ಒಬ್ಬ ಪೀಪಾಯಿಯ ಮೇಲೆ ಕೂತ, ಇನ್ನೊಬ್ಬ ಕೂರಲಾರದೆ ಪಕ್ಕದಲ್ಲಿ ನಿಂತ. ಒಬ್ಬನನ್ನು ಎಲ್ಲರಿಂದ ದೂರ ನಿಲ್ಲಿಸಿ, "ಇವನಿಗೆ ಜಾಸ್ತಿ ಚಿಂತೆ, ಯಾರ ಹತ್ರಾನೂ ಮಾತಾಡಲ್ಲ" ಎಂದಳು. ಅವಳು ಹೇಳಿದಂತೆ ಒಬ್ಬೊಬ್ಬರ ಕತ್ತು ಕೊಯ್ದು ಆಕಾಶದ ಕಡೆಗೆ ವಾಲಿಸಿ ಅಂಟಿಸುವ ಕೆಲಸ ನನ್ನದು. ಕಡೆಗೆ ಹೊಲಿಗೆ ಯಂತ್ರದ ಬಾಬಿನ್ ತಂದು ಮರಳಿನ ಮೇಲೆ ಉರುಳಿಸಿ, ಹೊರಗೆ ಹೋಗುವ ಚಕ್ರದ ಗುರುತು ಎಳೆದಳು. ಅದು ಯಾವ ವಿಮಾನದ ಟೈರಿನ ಅಗಲ ಎಂದು ನಾನು ತಕರಾರು ತೆಗೆದೆ.

"ಅಗಲ ಯಾರು ನೋಡ್ತಾರೆ? ಹೋದ ಗುರುತಿದೆ, ಬಂದ ಗುರುತಿಲ್ಲ. ಅಷ್ಟು ಸಾಕು" ಎಂದಳು. ನಾನು ತೆಪ್ಪಗೆ ಗೋಂದುನೀರು ಚಿಮುಕಿಸಿದೆ. ಇಷ್ಟು ಕಾಲ ಸಡಿಲವಾಗಿದ್ದ ಮರಳು ಕೊನೆಗೂ ಒಂದು ಕಡೆ ನಿಂತಿತು.

ಭಾನುವಾರ ಉಳಿದ ಮೇಜುಗಳಲ್ಲಿ ವಿಮಾನಗಳೋ ವಿಮಾನಗಳು. ಜನ ನೋಡಿ ಮುಂದೆ ಹೋಗುತ್ತಿದ್ದರು. ನಮ್ಮ ಮೇಜಿಗೆ ಬಂದವರು ಮಾತ್ರ ಮಾತು ನಿಲ್ಲಿಸುತ್ತಿದ್ದರು. ಒಬ್ಬ ಅಜ್ಜಿ ಪೀಪಾಯಿಯ ಮೇಲೆ ಕೂತವನನ್ನೇ ನೋಡುತ್ತಾ ನಿಂತುಬಿಟ್ಟರು, ಮೊಮ್ಮಗಳು ಕೈ ಹಿಡಿದು ಎಳೆದರೂ ಕದಲಲಿಲ್ಲ. ನನಗೆ ಹೆಂಡತಿಯ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಒಂದು ಕ್ಷಣ ನನ್ನ ಮೇಲೆ ಹೆಮ್ಮೆಪಡುವುದನ್ನೇ ಮರೆತೆ.

ಮೊದಲ ಬಹುಮಾನ ನಮಗೇ ಬಂತು! ತೀರ್ಪುಗಾರರು ನನ್ನ ಕೈ ಕುಲುಕಿ, ವಿಮಾನವನ್ನೇ ಬಿಟ್ಟುಬಿಡುವುದಕ್ಕೆ ಎಂಥ ಎದೆಗಾರಿಕೆ ಬೇಕು, ಇಂಥ ಸಂಯಮ ಎಲ್ಲರಿಗೂ ಬರುವುದಿಲ್ಲ ಎಂದು ಹೊಗಳಿದರು. ಕಾರ್ಯದರ್ಶಿ ಈ ಸಲ ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು. ನಾನು ಎದೆಯುಬ್ಬಿಸಿ, ತಲೆ ತುಸು ಬಾಗಿಸಿ, ಸಂಯಮಿಯಂತೆಯೇ ನಿಂತೆ.

"ಒಂದು ಕುತೂಹಲ" ಎಂದರು ತೀರ್ಪುಗಾರರು. "ಇವರು ಕಾಯ್ತಾ ಇರೋದು ಯಾವ ವಿಮಾನಕ್ಕೆ? ಹರಿಕೇನೋ, ಕಿಟ್ಟಿಹಾಕೋ?"

ನಾನು ಬಾಯಿ ತೆರೆದೆ. ಹರಿಕೇನ್ ಅನ್ನಲೇ? ಕಿಟ್ಟಿಹಾಕ್ ಅಂದರೆ ಇನ್ನೂ ಗತ್ತಾಗಿರುತ್ತದಲ್ಲವೇ? ಅಥವಾ ಆ ಬಾಂಬರ್...

ನನ್ನ ತೆರೆದ ಬಾಯಿಯನ್ನು ನೋಡಿ ಹೆಂಡತಿ ಕೌಂಟರಿನ ದನಿಯಲ್ಲಿ ಶಾಂತವಾಗಿ ಉತ್ತರಿಸಿದಳು:

"ಅದನ್ನ ಇವರಿನ್ನೂ ಆರಿಸ್ತಾ ಇದಾರೆ ಸಾರ್. ಅದಕ್ಕೇ ಪಾಪ, ಅವರೆಲ್ಲ ಕಾಯ್ತಾ ಇರೋದು."