ಚಿಕ್ಕಮ್ಮನ ಪಾಲಿನ ಕಾಫಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಲೋಟ ಕಾಫಿ. ಚೆನ್ನೈಯ ಎಗ್ಮೋರಿನ ಆ ಉಡುಪಿ ಹೋಟೆಲಿನಲ್ಲಿ ದಿನದ ಮೊದಲ ಕಾಫಿ ಗಿರಾಕಿಗಲ್ಲ, ಉಗ್ರಾಣದ ಗೋಡೆಯಲ್ಲಿ ಫೋಟೋ ಆಗಿರುವ ಚಿಕ್ಕಮ್ಮನಿಗೆ. ಹೋಟೆಲ್ ಕಟ್ಟಿದಾಕೆ, ಅಲ್ಲಿಯ ಎಲ್ಲರಿಗೂ ಚಿಕ್ಕಮ್ಮ. ಬದುಕಿದ್ದಾಗ ರುಬ್ಬುತ್ತಾ ಹಾಡುತ್ತಿದ್ದಳು. ಯಾರಾದರೂ ಶ್ರುತಿ ತಪ್ಪಿದರೆ ಸೌಟು ಎತ್ತುತ್ತಿದ್ದಳು.

ಕ್ಯಾಶಿಯರ್ ವಿಷ್ಣುಮೂರ್ತಿ ಮೊನ್ನೆ ತನ್ನ ಹಾಡು ರೆಕಾರ್ಡ್ ಮಾಡಲು ಅದೇ ಉಗ್ರಾಣ ಹೊಕ್ಕ. ಅಕ್ಕಿಮೂಟೆಗಳ ನಡುವೆ ಬೀದಿಯ ಸದ್ದು ಕೇಳುವುದಿಲ್ಲವಲ್ಲ. ಗಂಟಲು ಕೆರೆಯಿತು. ಎದುರಿಗೇ ಕಾಫಿ. ಕುಡಿದೇಬಿಟ್ಟ, ಮಹಾನುಭಾವ!

ಜೀವಮಾನವಿಡೀ "ಎರಡು ಮಸಾಲೆ" ಎಂದು ಒಳಗೆ ಕೂಗಿದ ದನಿ ಅದು. ಒಂದು ಸಲವಾದರೂ ತನ್ನ ಹೆಸರಿನಲ್ಲಿ ಲೋಕಕ್ಕೆ ಕೇಳಬೇಕೆಂದು ಅವನಿಗೆ ಆಸೆ. ಈಗ ಕ್ಯಾಸೆಟ್ ಕಂಪನಿಯವರ ಕಾಲು ಹಿಡಿಯಬೇಕಿಲ್ಲ. ಹಾಡು ಕಳಿಸಿದರೆ ಎಲ್ಲ ಆ್ಯಪ್‌ಗಳಿಗೂ ತಲುಪಿಸುವ ವಿತರಣೆಯವರಿದ್ದಾರೆ. ಅಂಥ ಒಬ್ಬರಿಗೆ ಕಳಿಸಿದ್ದ. ಬಿಡುಗಡೆ ಇವತ್ತು ಸಂಜೆ.

ಬೆಳಿಗ್ಗೆ ಫೋನಿಗೆ ಸಂದೇಶ ಬಂತು: 'ಹಾಡಿನಲ್ಲಿ ಎರಡು ದನಿಗಳಿವೆ. ಎರಡನೇ ಕಲಾವಿದರ ಹೆಸರು ಮತ್ತು ಒಪ್ಪಿಗೆ ಸಂಜೆಯೊಳಗೆ ಬೇಕು. ಇಲ್ಲದಿದ್ದರೆ ಹಾಡು ರದ್ದು.'

"ಎಂಥ ಎರಡು ದನಿ? ನಾನೊಬ್ಬನೇ ಇದ್ದದ್ದು ಮಾರಾಯ!"

ದೋಸೆ ಹಾಕುವ ಚರಣ್ ಫೋನಿಗೆ ಕಿವಿಕೊಟ್ಟ. ವಿಷ್ಣುಮೂರ್ತಿ ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಯಾರೋ ಹೆಂಗಸು ತೆಳ್ಳಗೆ ಗುನುಗುತ್ತಿದ್ದಳು, ಗೋಡೆಯ ಆಚೆಯಿಂದ ಎಂಬಂತೆ. ಕಾವಲಿಯ ಮೇಲಿನ ದೋಸೆ ಕರಟಿಹೋಯಿತು.

ಅಡುಗೆಮನೆಯ ಗುಣವತಿ ಕೇಳಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯೋ ದೇವರೇ, ಇದು ಚಿಕ್ಕಮ್ಮನೇ! ವಿಷ್ಣುಮೂರ್ತಿಯವ್ರೆ, ಆವತ್ತು ಅವರ ಕಾಫಿ ಎಲ್ಲಿ ಹೋಯ್ತು?"

"ಅದು... ಸ್ವಲ್ಪ ಗಂಟಲಿಗೆ..."

"ಕುಡಿದ್ರಾ? ಸತ್ತವರ ಕಾಫಿ ಕುಡಿದ್ರಾ?"

ಅಲ್ಲಿಗೆ ಮುಗಿಯಿತು ಕತೆ. ಉಗ್ರಾಣಕ್ಕೆ ಒಬ್ಬರೂ ಕಾಲಿಡಲಿಲ್ಲ. ಅಕ್ಕಿ ಒಳಗೆ, ಅಡುಗೆಯವರು ಹೊರಗೆ. ಮಧ್ಯಾಹ್ನ ಊಟವಿಲ್ಲ ಎಂದಾಗ ಗಿರಾಕಿಗಳು "ಎನ್ನ ಸಾರ್ ಇದು?" ಎಂದು ತಮಿಳಿನಲ್ಲಿ ರೇಗುತ್ತಾ ವಿಷ್ಣುಮೂರ್ತಿಯನ್ನೇ ಮುತ್ತಿಕೊಂಡರು.

"ನಿಮ್ಮ ಸಂಗೀತ ನೀವೇ ಸರಿ ಮಾಡಿ ಮಾರಾಯ್ರೆ," ಎಂದು ಸಂಜೆಯ ಹೊತ್ತಿಗೆ ಚರಣ್ ಅವನ ಕೈಗೆ ಬಿಸಿ ಕಾಫಿ ಕೊಟ್ಟು, ಉಗ್ರಾಣಕ್ಕೆ ದೂಡಿ, ಬಾಗಿಲು ಹಾಕಿಬಿಟ್ಟ.

ಚೆನ್ನೈಯ ಆ ಸೆಖೆಯಲ್ಲೂ ಒಳಗೆ ತಣ್ಣಗಿತ್ತು. ವಿಷ್ಣುಮೂರ್ತಿ ಫೋಟೋದ ಮುಂದೆ ಲೋಟ ಇಟ್ಟ. "ತಪ್ಪಾಯ್ತು ಚಿಕ್ಕಮ್ಮ. ಹಾಡು ಒಂದು ಹೊರಗೆ ಬರ್ಲಿ. ನಿಮ್ಮ ಹೆಸರೂ ಹಾಕ್ತೇನೆ." ಫೋನ್ ತೆಗೆದು ಎರಡನೇ ಕಲಾವಿದರ ಜಾಗದಲ್ಲಿ 'ಚಿಕ್ಕಮ್ಮ' ಎಂದು ಒತ್ತಿ ಕಳಿಸಿದ. ತಲೆಯೆತ್ತಿದರೆ ಲೋಟದ ತಳದಲ್ಲಿ ನೊರೆ ಮಾತ್ರ ಉಳಿದಿತ್ತು.

ಬಾಗಿಲು ಬಡಿದು ಹೊರಗೆ ಬಿದ್ದ. ಅಷ್ಟರಲ್ಲೇ ಫೋನ್ ಟಿಣ್ ಎಂದಿತು. ಗುಣವತಿಯೇ ಓದಿದಳು: 'ಎರಡನೇ ಕಲಾವಿದರ ಒಪ್ಪಿಗೆ ಬಂದಿದೆ. ಅವರು ಹೇಳಿದ ಸಣ್ಣ ತಿದ್ದುಪಡಿ ಮಾಡಿ ಹಾಡನ್ನು ಬಿಡುಗಡೆ ಮಾಡಿದ್ದೇವೆ.'

ಚರಣ್ ಹಾಡು ಹಾಕಿದ. ಹೋಟೆಲಿಡೀ ಆ ಹೆಂಗಸಿನ ದನಿ ತುಂಬಿತು, ಮೊದಲಿನಿಂದ ಕೊನೆಯವರೆಗೂ ಅದೊಂದೇ. ತಿನ್ನುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

"ಈಗ ಶ್ರುತಿ ಸರಿ ಉಂಟು," ಎಂದಳು ಗುಣವತಿ ಮೆಲ್ಲಗೆ.

ವಿಷ್ಣುಮೂರ್ತಿ ಮಾತ್ರ ಬಿಳಿಚಿಕೊಂಡು ಕೂತಿದ್ದ. ಚಿಕ್ಕಮ್ಮ ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ, ದೂರದಲ್ಲಿ, ಯಾರೋ "ಎರಡು ಮಸಾಲೆ" ಎಂದು ಕೂಗುತ್ತಿದ್ದರು. ದನಿ ಅವನದೇ.