ಐವತ್ತನೇ ಅವರೆಕಾಳು

ಮನೆಯಲ್ಲಿ ತನ್ನದೊಂದು ಮಾತಾದರೂ ನಡೆಯಬೇಕು ಎಂಬುದು ಕಾಂತೇಶನ ಬಹುದಿನದ ಆಸೆ. ತುಮಕೂರಿನ ಶಿರಾ ಗೇಟ್ ಹತ್ತಿರ ಮನೆ ಕಟ್ಟಿಸಿದಾಗ ಅದು ನಡೆದದ್ದು ನಡುಮನೆಯ ನೆಲದ ವಿಷಯದಲ್ಲಿ ಮಾತ್ರ. ಕಪ್ಪು ಬಿಳಿ ಟೈಲ್ಸು, ಉದ್ದಕ್ಕೆ ಹದಿನಾರು, ಅಗಲಕ್ಕೆ ಹದಿನಾರು. (ಮಿಕ್ಕಿದ್ದೆಲ್ಲ ಹೆಂಡತಿ ಮಂಗಳಗೌರಿಯ ಸಾಮ್ರಾಜ್ಯ.)

ತೊಂಬತ್ತೇಳರ ಜನವರಿ. ಭಾನುವಾರ ಗುಬ್ಬಿಯಲ್ಲಿ ಚೆಸ್ ಟೂರ್ನಮೆಂಟು. ಕಾಂತೇಶ ಅದಕ್ಕಾಗಿ ವರ್ಷದಿಂದ ಕಾದಿದ್ದ. ಹಾಳಾದ್ದು, ಅದೇ ಭಾನುವಾರ ಕುಣಿಗಲ್‌ನಲ್ಲಿ ನಾದಿನಿಯ ಸೀಮಂತ!

"ಸೀಮಂತ ಬಿಟ್ಟು ಮರದ ಕುದುರೆ ಆಡ್ಸಕ್ಕೆ ಹೋಗ್ತೀರೇನ್ರೀ? ಅಂಥಾದ್ದೇನ್ ಬರುತ್ತೆ ನಿಮ್ಗೆ?"

"ಬೋರ್ಡು ಎಷ್ಟೇ ದೊಡ್ಡದಾಗ್ಲಿ ಕಣೇ, ನನ್ ರಾಜ, ಒಂದು ಆನೆ ಇದ್ರೆ ಸಾಕು. ಎದುರಾಳಿಯ ಒಂಟಿ ರಾಜನ್ನ ಅಂಚಿಗೆ ಒತ್ತಿ ಮೇಟ್ ಮಾಡ್ತೀನಿ!"

"ಹೌದಾ? ಈ ನಡುಮನೇಲಿ ನನ್ನ ಹಿಡೀರಿ ನೋಡೋಣ. ಹಿಡಿದ್ರೆ ಗುಬ್ಬಿ, ಇಲ್ದಿದ್ರೆ ಕುಣಿಗಲ್."

ಕಾಂತೇಶನಿಗೆ ಮೈಯೆಲ್ಲ ಪುಳಕ. ಸೋಫಾ, ಟೀವಿ ಸ್ಟ್ಯಾಂಡು ವರಾಂಡಕ್ಕೆ ಹೋದವು. ಅವನೇ ರಾಜ, ಪ್ಲಾಸ್ಟಿಕ್ ಸ್ಟೂಲೇ ಆನೆ, ಹೆಂಡತಿ ಒಂಟಿ ರಾಜ. ಐವತ್ತು ನಡೆಯೊಳಗೆ ಮೇಟ್ ಆಗದಿದ್ದರೆ ತಾನು ಸೋತಂತೆ ಎಂದು ಉದಾರವಾಗಿ ಘೋಷಿಸಿದ. ಅವಳು ಸ್ಟೂಲನ್ನು ಒದ್ದುಬಿಟ್ಟಾಳೆಂಬ ಭಯಕ್ಕೆ ಇನ್ನೊಂದು ಕಾನೂನನ್ನೂ ಸೇರಿಸಿದ: "ನನ್ ಆನೆ ನಡೆ ಬಿಟ್ರೆ, ಆಟ ಮುಗಿಯೋವರ್ಗೂ ನೆಲದ ಮೇಲಿರೋದನ್ನ ಎದುರಾಳಿ ಆಗ್ಲಿ, ನಾನಾಗ್ಲಿ ಎಬ್ಬಿಸಂಗಿಲ್ಲ!"

"ಆಯ್ತು. ಅಮ್ಮಾ, ನೀನು ಇಲ್ಲೇ ಗೋಡೆ ಪಕ್ಕ ಕೂತ್ಕೊಂಡು ನಡೆ ಲೆಕ್ಕ ಹಾಕು."

ಅತ್ತೆ ಸಿದ್ದಗಂಗಮ್ಮ ಚಾಪೆ ಹಾಸಿ ಅವರೆಕಾಯಿ ಸುಲಿಯಲು ಕೂತರು. ಅಳಿಯನ ಒಂದೊಂದು ನಡೆಗೂ ಒಂದೊಂದು ಕಾಳು ಸ್ಟೀಲ್ ಚೊಂಬಿಗೆ ಬೀಳುತ್ತಿತ್ತು. ಟಣ್!

ಅಬ್ಬಾ, ಏನು ಓಟ! ಅರವತ್ತನಾಲ್ಕು ಮನೆಯ ಹಲಗೆಯಲ್ಲಿ ಚಕಚಕನೆ ಮುಗಿಯುವ ಕೆಲಸ ಇನ್ನೂರೈವತ್ತಾರು ಮನೆಯ ಬಯಲಲ್ಲಿ ಮುಗಿಯಲೊಲ್ಲದು. ಸ್ಟೂಲಿನಿಂದ ಒಂದೊಂದೇ ಸಾಲು ಕಟ್ಟಿಹಾಕಿದಂತೆ ಅವಳು ಸೆರಗು ಸಿಕ್ಕಿಸಿಕೊಂಡು ಓರೆಯಾಗಿ ಜಾರುವಳು. ಮೂವತ್ತು ಕಾಳಿಗೆ ಅವನ ಬನಿಯನ್ ಒದ್ದೆ. ನಲವತ್ತಕ್ಕೆ ಅವಳಿಗೆ ಮೂರೇ ಸಾಲು ಉಳಿದವು. ನಲವತ್ತೊಂಬತ್ತಕ್ಕೆ ಅವಳ ಬೆನ್ನು ಗೋಡೆಗೆ ತಾಗಿತು, ಒಂದು ಮನೆ ಬಿಟ್ಟು ಎದುರಿಗೇ ಅವನು. ಇನ್ನು ಎಡ ತುದಿಯಲ್ಲಿದ್ದ ಸ್ಟೂಲನ್ನು ಗೋಡೆಯ ಸಾಲಿಗೆ ತಳ್ಳಿದರೆ ಸಾಕು.

"ಗುಬ್ಬಿ!" ಎಂದು ಕೂಗಿ ತಳ್ಳಿದ. "ಮೇಟ್!"

"ಎಲ್ಲಿ? ನಿಮ್ ಆನೆಗೂ ನಂಗೂ ಮಧ್ಯ ಯಾರಿದಾರೆ ನೋಡಿ."

ನೋಡಿದ. ಅದೇ ಸಾಲಿನಲ್ಲಿ, ಮೂರು ಟೈಲ್ಸಿನ ಅಗಲಕ್ಕೆ, ಅತ್ತೆಯವರು ಚಕ್ಕಂಬಕ್ಕಳ ಹಾಕಿ ಆಸೀನರಾಗಿದ್ದರು. ಎಬ್ಬಿಸೋಣವೆಂದರೆ ಕಾನೂನು ತನ್ನದೇ. ಅದಿಲ್ಲದಿದ್ದರೂ ಹೆಣ್ಣು ಕೊಟ್ಟ ಅತ್ತೆಗೆ "ಏಳಿ" ಎನ್ನುವ ಅಳಿಯ ತುಮಕೂರಿನಲ್ಲಿ ಇನ್ನೂ ಹುಟ್ಟಿಲ್ಲ. ಐವತ್ತನೇ ಕಾಳು ಚೊಂಬಿಗೆ ಬಿತ್ತು.

ಭಾನುವಾರ ಕುಣಿಗಲ್ ಬಸ್ಸಿನಲ್ಲಿ ಕಾಂತೇಶ ಬಳೆ, ಹೂವು, ಚಕ್ಕುಲಿ ಡಬ್ಬ ಹೊತ್ತು ಕೂತಿದ್ದ. ಅತ್ತೆಗೆ ಪಾಪ ಅನ್ನಿಸಿತು.

"ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದಿರೇ. ನಲವತ್ತೇಳನೇ ಕಾಳಿಗೇ ಆನೆನ ಬಲಗಡೆಗೆ ತಂದಿದ್ರೆ ಮೇಟ್ ಆಗ್ತಿತ್ತು."

"ಅತ್ತೆ! ನಿಮ್ಗೆ ಚೆಸ್ ಬರುತ್ತಾ?"

"ಮತ್ತೆ? ಮಂಗಳಂಗೆ ಕಲ್ಸಿದ್ದು ಯಾರು ಅನ್ಕೊಂಡ್ರಿ?"