ಮುಂದಿನ ಸಾಲಿನ ತೋಫು ಮಹಾಶಯರಿಗೆ

ಬಾಗಿ ನಿಂತ ತೋಫು ಮಹಾಶಯರ ಸನ್ನಿಧಿಗೆ,
ತಂಪು ಕಪಾಟಿನ ಮೇಲಂಚು,
ರೈಲು ನಿಲ್ದಾಣದ ಎದುರಿನ ಸೂಪರ್‌ಮಾರ್ಕೆಟ್.

ಮಾನ್ಯರೇ,

ಆಗಸ್ಟಿನ ಈ ಬೇಗೆಯಲ್ಲೂ ಹಾಲು, ಮೊಸರು, ಮೊಟ್ಟೆಗಳ ನಡುವೆ ತಣ್ಣಗೆ ನೆಲೆಸಿರುವ ತಮಗೆ ಬೆವರುತ್ತ ಬರೆಯುವ ಬಡಪಾಯಿಯ ನಮಸ್ಕಾರಗಳು. ಚೌಕ ಮುಖ, ಬಿಳಿ ಮೈ, ಎರಡು ಕಡ್ಡಿಕಾಲು, ಸೊಂಟದಿಂದ ಬಾಗಿದ ವಿನಯ, ತಲೆಯ ಮೇಲೆ ‘ಇವತ್ತೇ ತಿನ್ನುವವರು ದಯಮಾಡಿ ಮುಂದಿನದನ್ನೇ ಎತ್ತಿಕೊಳ್ಳಿ’ ಎಂಬ ಬರಹ. ಇಷ್ಟು ಸಭ್ಯವಾದ ಚಿತ್ರಪಟ ಈ ಪಟ್ಟಣದಲ್ಲಿ ಇನ್ನೊಂದಿಲ್ಲ. ಆದರೆ ಬಾಗಿರುವುದು ತಮ್ಮ ಸೊಂಟ ಮಾತ್ರ. ಕಣ್ಣುಗಳನ್ನು ಮೇಲಕ್ಕೆತ್ತಿ, ಗಿರಾಕಿಯ ಕೈ ಎಲ್ಲಿಗೆ ಹೋಗುತ್ತದೆಂದು ತಾವು ನೋಡುತ್ತಲೇ ಇರುತ್ತೀರಿ. ನನ್ನ ದೂರು ಆ ಕಣ್ಣುಗಳ ಮೇಲೆ.

ನಮ್ಮ ಮನೆಗೆ ಸಾಮಾನು ತರುವ ಅಧಿಕಾರ ಹದಿನೆಂಟು ವರ್ಷಗಳಿಂದ ನನ್ನದು. ಹಾಲಾದರೆ ಮೂರನೆಯ ಸಾಲು, ಮೊಸರಾದರೆ ನಾಲ್ಕನೆಯದು, ತೋಫುವಾದರೆ ಬೆರಳಿಗೆ ಕಪಾಟಿನ ಹಿಂಗೋಡೆ ತಗುಲಬೇಕು. ತಾರೀಖು ಮುಗಿಯುತ್ತ ಬಂದದ್ದನ್ನು ಅಂಗಡಿಯವರು ಮುಂದಿಟ್ಟು ತಾಜಾದ್ದನ್ನು ಹಿಂದೆ ಜೋಡಿಸುತ್ತಾರಲ್ಲ, ಆದ್ದರಿಂದ ಮುಂದಿನದು ಊರ ಮಂದಿಗೆ, ಹಿಂದಿನದು ಮನೆ ಮಂದಿಗೆ ಎಂಬುದೇ ನನ್ನ ಧರ್ಮ. ಈ ಸಾಧನೆಯಿಂದ ನನ್ನ ಬಲಗೈ ಎಡಗೈಗಿಂತ ಒಂದು ಅಂಗುಲ ಉದ್ದವಾಗಿದೆಯೆಂದು ನನ್ನ ಹೆಂಡತಿ ಮಿಸುಜು ಹೇಳುತ್ತಾಳೆ. ಅಂಗಿ ಹೊಲಿಯುವವರೂ ಒಪ್ಪಿದ್ದಾರೆ.

ಹೀಗಿರುವಲ್ಲಿ ಪಿತೃಗಳನ್ನು ನೆನೆಯುವ ಓಬೋನ್ ಹಬ್ಬದ ರಜೆಗೆ ನಮ್ಮ ಮಾವನವರು ಬರುವುದೆಂದಾಯಿತು. ಮಾವನವರೆಂದರೆ ತಮ್ಮ ಕುಲದವರಿಗೆಲ್ಲ ಪಿತಾಮಹರು: ನಲವತ್ತೊಂದು ವರ್ಷ ಸ್ವಂತ ಅಂಗಡಿಯಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಸೋಯಾ ಅರೆದು ತೋಫು ಮಾಡಿದವರು, ತಾವಿರುವಂಥ ಸೂಪರ್‌ಮಾರ್ಕೆಟ್ಟುಗಳು ಎದ್ದ ಮೇಲೆ ಬಾಗಿಲು ಹಾಕಿದವರು. ಆಮೇಲೆ ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, ಶುಂಠಿ ತುರಿದು ಸೋಯಾ ಸಾರ ಹನಿಸಿ ನಾನಿಟ್ಟ ತಣ್ಣನೆಯ ತೋಫುವನ್ನು ಒಂದು ತುಣುಕು ತಿಂದು, ಊಟದ ಕಡ್ಡಿಗಳನ್ನು ಜೋಡಿಸಿ ಕೆಳಗಿಟ್ಟು, “ಚೆನ್ನಾಗಿದೆ ಕಣಪ್ಪ. ಬಟ್ಟಲು ತುಂಬಾ ಚೆನ್ನಾಗಿದೆ” ಎಂದಿದ್ದರು. ಆಮೇಲೆ ಐದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಪ್ರತಿಸಲ ಮೊಣಕಾಲು ನೋವು. ಆ ನೋವು ಮೊಣಕಾಲಿನದಲ್ಲವೆಂದು ಮಿಸುಜುಗೂ ಗೊತ್ತು, ನನಗೂ ಗೊತ್ತು.

ಆದ್ದರಿಂದ ಇಂದು ಬೆಳಗ್ಗೆ ಆಕೆ ನನ್ನ ಕೈಗೆ ಚೀಲ ಕೊಟ್ಟು, “ರೀ, ಅಪ್ಪನಿಗೆ ಎಪ್ಪತ್ತೊಂಬತ್ತು. ಈ ಸಲವೂ ಬಟ್ಟಲು ಹೊಗಳಿಸ್ಕೊಂಡ್ರೆ ಮತ್ತೆ ಬರಲ್ಲ ಅವರು. ಇರೋದ್ರಲ್ಲಿ ಅತಿ ತಾಜಾದು ತನ್ನಿ” ಎಂದಳು. ಕೊನೆಯ ಮಾತು ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ.

ನಾನು ತಮ್ಮ ಮುಂದೆ ಬಂದು ನಿಂತೆ. ತಾವು ಬಾಗಿದ್ದಿರಿ, ನೋಡುತ್ತಿದ್ದಿರಿ. ಮುಖ ಅತ್ತ ತಿರುಗಿಸಿ, ಮೊಣಕೈಯವರೆಗೂ ಕಪಾಟಿನೊಳಗೆ ತೂರಿಸಿದೆ. ಆಗಲೇ ಬೆನ್ನ ಹಿಂದೆ ನಮ್ಮ ವಠಾರದ ನಿವಾಸಿಗಳ ಸಂಘದ ಅಧ್ಯಕ್ಷೆ, ಕಸದ ಚೀಲ ನೋಡಿಯೇ ಯಾರ ಮನೆಯದೆಂದು ಹೇಳಬಲ್ಲ ಶಿರಾಕಾವಾ ಅವರ ಜೇನಿನಂಥ ದನಿ: “ಅಯ್ಯೋ, ಕುಸುನೊಕಿಯವ್ರೇ, ಒಳಗೇನಾದ್ರೂ ಬಿದ್ದೋಯ್ತಾ?”

“ಹೂಂ, ಕನ್ನಡಕ” ಎಂದುಬಿಟ್ಟೆ.

ಆಕೆ ನನ್ನ ಮೂಗಿನ ಮೇಲಿದ್ದ ಕನ್ನಡಕವನ್ನು ಕರುಣೆಯಿಂದ ನೋಡಿ, “ಬೇಗ ಸಿಗ್ಲಿ ಪಾಪ” ಎಂದು ಹರಸಿ ಹೋದರು. ನಾನು ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು, ತಾರೀಖನ್ನೂ ನೋಡದೆ, ಹಣ ತೆತ್ತು ಮನೆಗೆ ಓಡಿದೆ.

ಮನೆಯಲ್ಲಿ ನೋಡುತ್ತೇನೆ, ಡಬ್ಬಿಯ ಮೇಲೆ ತಿನ್ನಲು ಕೊನೆಯ ದಿನವೆಂದು ಇಂದಿನದೇ ತಾರೀಖು. ಸಂಜೆ ಅಂಗಡಿಯವರು ಉಳಿದ ಹಳೆಯ ಡಬ್ಬಿಗಳಿಗೆ ಅರ್ಧಬೆಲೆಯ ಚೀಟಿ ಅಂಟಿಸುವವರೆಗೆ ಯಾರ ಕಣ್ಣಿಗೂ ಬೀಳದಿರಲೆಂದು ಯಾರೋ ಜಾಣರು ಹಳೆಯ ಡಬ್ಬಿಯನ್ನು ಹಿಂಗೋಡೆಗೆ ಆನಿಸಿ ಬಚ್ಚಿಟ್ಟಿದ್ದಾರೆ! ಬದಲಿಸಿ ತರೋಣವೆಂದರೆ ಮಾವನವರು ಆಗಲೇ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾರೆ.

ಬಡಿಸಿದೆ. ಅವರು ಬಟ್ಟಲು ನೋಡಿದರು. ಆಮೇಲೆ, “ಡಬ್ಬಿ ಎಲ್ಲಿ? ತಾ ಇಲ್ಲಿ” ಎಂದರು. ತಾರೀಖನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, “ಇವತ್ತಿಂದು” ಎಂದರು. ಮಿಸುಜು ಅಡುಗೆಮನೆಯಲ್ಲಿ ಲೋಟ ತೊಳೆಯುವುದನ್ನು ನಿಲ್ಲಿಸಿದಳು.

“ಮುಂದಿನ ಸಾಲಿಂದು ಎತ್ಕೊಂಡು ಬಂದ್ಯಾ, ತೆತ್ಸುರೊ?”

ಮಾನ್ಯರೇ, ನಾನು ತಲೆಯಾಡಿಸಲಿಲ್ಲ. ಬೆವರು ಒರೆಸಿಕೊಳ್ಳುವಾಗ ತಲೆ ತಾನಾಗಿ ಆಡಿತು.

“ನೋಡಿದ್ಯೇನೇ ಮಿಸುಜು! ನಲವತ್ತೊಂದು ವರ್ಷ ಅಂಗಡಿ ಇಟ್ಟಿದ್ದೆ. ಬಂದೋರೆಲ್ಲ, ತಾತಾ, ಆ ಹಿಂದಿನದು ಕೊಡಿ ಅನ್ನೋರೇ. ಅಲ್ಲಯ್ಯಾ, ಇವತ್ತು ತಿನ್ನೋದಕ್ಕೆ ಮುಂದಿನ ವಾರದ ತಾರೀಖು ಯಾಕೆ, ಅಲ್ಲೀತನಕ ಜಗೀತಾ ಕೂರ್ತೀರಾ? ಕೊನೇದನ್ನ ಯಾರೂ ಮುಟ್ತಿರಲಿಲ್ಲ. ದಿನಾ ಸಂಜೆ ನಾನೂ ನಿಮ್ಮಮ್ಮನೂ ಕೂತ್ಕೊಂಡು ಅದನ್ನೇ ತಿಂತಿದ್ವಿ.”

ಅಷ್ಟು ಹೇಳಿ ತೋಫುವನ್ನು ಪೂರ್ತಿ ತಿಂದರು. ಬಟ್ಟಲಿನ ತಳದ ಸೋಯಾ ಸಾರವನ್ನೂ ಕುಡಿದರು. ಹೊಸ ವರ್ಷಕ್ಕೂ ಬರುವುದಾಗಿ ಹೇಳಿದರು. ಮೊಣಕಾಲಿನ ಸುದ್ದಿಯೇ ಇಲ್ಲ. ಈಗ ಪಕ್ಕದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದಾರೆ, ಮಿಸುಜು ಬಹಳ ದಿನಗಳ ಮೇಲೆ ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಾಳೆ. ನನ್ನೊಬ್ಬನ ಮನಸ್ಸಿಗೆ ಮಾತ್ರ ನೆಮ್ಮದಿಯಿಲ್ಲ, ಏಕೆಂದರೆ ನಡೆದದ್ದನ್ನು ಕಂಡವರು ತಾವು. ಆದ್ದರಿಂದ ಅತ್ಯಂತ ವಿನಯದಿಂದ ಕೇಳಿಕೊಳ್ಳುವುದೇನೆಂದರೆ, ಸಂಜೆ ಬಿಯರ್ ತರಲು ಮಾವನವರು ನನ್ನೊಂದಿಗೆ ತಮ್ಮಲ್ಲಿಗೆ ಬರುವಾಗ, ನನ್ನನ್ನು ಮುಂದಿನ ಸಾಲಿನ ಹಳೆಯ ಗೆಳೆಯನಂತೆ ಕಾಣಬೇಕು. ಮುಂದೆಂದಾದರೂ ನಾನೊಬ್ಬನೇ ಬಂದರೆ, ಬರೀ ಎರಡು ನಿಮಿಷ, ಬಾಗಿದ ಹಾಗೆಯೇ ಕಣ್ಣು ಮುಚ್ಚಿಕೊಳ್ಳಬೇಕು. ಕಾಗದದ ರೆಪ್ಪೆ ಮುಚ್ಚುವುದು ಕಷ್ಟವೆಂದು ಬಲ್ಲೆ. ಉದ್ದವಾದ ತೋಳನ್ನು ಮೋಟು ಮಾಡಿಕೊಳ್ಳುವುದೂ ಸುಲಭವಲ್ಲ.

ಇಂತಿ, ಹಿಂದಿನ ಸಾಲಿನಲ್ಲಿ ನಿಂತು ಕೈಮುಗಿಯುವ
ತಮ್ಮ ವಿಶ್ವಾಸಿ,
ಕುಸುನೊಕಿ ತೆತ್ಸುರೊ

ತಾಜಾ ಕಲಮು: ಸಂಜೆ ಬಂದಿದ್ದೆವು, ತಾವೂ ನೋಡಿದಿರಿ. ಅರ್ಧಬೆಲೆಯ ಚೀಟಿ ಅಂಟಿಸುವ ಹೊತ್ತು. ಶಿರಾಕಾವಾ ಅವರು ಭುಜದವರೆಗೂ ಕೈಯನ್ನು ಅದೇ ಮೂಲೆಗೆ ತೂರಿಸಿ ತಡಕುತ್ತಿದ್ದರು. “ಒಳಗೇನಾದ್ರೂ ಬಿದ್ದೋಯ್ತಾ?” ಎಂದು ಕೇಳಿದೆ. “ಇನ್ನೇನು, ನಿಮ್ಮ ಕನ್ನಡಕಾನೇ ಹುಡುಕ್ತಿದೀನಿ” ಎಂದರು. ಮಾವನವರು ಆಕೆಯ ತೋಳು ನೋಡಿದರು, ನನ್ನ ಮೂಗು ನೋಡಿದರು. ಮುಂದಿನ ಸಾಲಿನಿಂದ ಎರಡು ಡಬ್ಬಿ ಎತ್ತಿ, ಆಕೆಯ ಬುಟ್ಟಿಗೊಂದು, ನನ್ನ ಬುಟ್ಟಿಗೊಂದು ಹಾಕಿ, ತಮಗೆ ತಲೆಬಾಗಿದರು. ಅವರು ಬಾಗಿದ್ದು ತಮಗಿಂತ ಎರಡು ಬೆರಳು ಹೆಚ್ಚು, ಮತ್ತು ಬಾಗುವಾಗ ಅವರು ಕಣ್ಣು ಮುಚ್ಚಿದ್ದರು. ದಯಮಾಡಿ ಕಲಿಯಿರಿ.